ರೋಜಾಕ್ಕೆ ಒಯ್ದ ಕೂಸು

ಪಕ್ಕದ ಮನೆಯಲ್ಲಿ ಕೂಸು ಹುಟ್ಟಿ ಹದಿನೈದು ದಿನವಾಯಿತು. ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ಅದಕ್ಕೆ ನೀರು ಎರೆಯುತ್ತಾರೆ. ಎರೆದ ಮೇಲೆ ಕೆಂಡಕ್ಕೆ ಲೋಬಾನ, ಅಜವಾನ ಹಾಕಿ ಹೊಗೆ ಕೊಡುತ್ತಾರೆ. ಆ ಹೊಗೆ ಅವರ ಕಿಟಕಿಯಿಂದ ಹೊರಟು ನಮ್ಮ ಗ್ಯಾಲರಿಗೆ ಬಂದು, ಪೇಪರು ಹಿಡಿದು ಕೂತ ನನ್ನ ಸುತ್ತ ಒಂದು ಗಳಿಗೆ ನಿಂತು ಹೋಗುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರಕಾರಿ ನರ್ಸಾಗಿದ್ದವಳು ನಾನು. ಡ್ಯೂಟಿಯಲ್ಲಿದ್ದಾಗ ಇಂಥ ಹೊಗೆ ಕಂಡಲ್ಲೆಲ್ಲ ಜಗಳ ತೆಗೆದಿದ್ದೇನೆ. “ಹಸುಗೂಸಿನ ಎದಿಗಿ ಹೊಗಿ ಒಳ್ಳೇದಲ್ರವ್ವ, ಎಷ್ಟ ಸಲ ಹೇಳ್ಬೇಕು?” ಎಂದು ಅದೆಷ್ಟು ಬಾಣಂತಿಯರ ಅತ್ತೆಯರನ್ನು ವೈರಿಗಳನ್ನಾಗಿ ಮಾಡಿಕೊಂಡಿದ್ದೆನೋ. ಈಗ ಎದ್ದುಹೋಗಿ ಪಕ್ಕದ ಮನೆಯವರಿಗೂ ಅದನ್ನೇ ಹೇಳಬೇಕು. ನಾಳೆ ಹೇಳೋಣ ಎಂದುಕೊಳ್ಳುತ್ತೇನೆ. ನಾಳೆ ಹತ್ತು ಗಂಟೆಗೆ ಮತ್ತೆ ಮೂಗು ತೆರೆದುಕೊಂಡು ಇದೇ ಕುರ್ಚಿಯಲ್ಲಿ ಕೂತಿರುತ್ತೇನೆ.

ಕಾರಣ ನಿಮಗೆ ಹೇಳಿಬಿಡುತ್ತೇನೆ. ನಾನೂ ಒಮ್ಮೆ ಒಂದು ಕೂಸಿಗೆ ಹೀಗೇ ಲೋಬಾನದ ಹೊಗೆ ಕೊಟ್ಟಿದ್ದೇನೆ. ಬಾಗಿಲು ಹಾಕಿಕೊಂಡು ಕೊಟ್ಟಿದ್ದೆ. ಆ ಕೂಸು ನನ್ನದಾಗಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಕಮಲಾಪುರಕ್ಕೆ ಪೋಸ್ಟಿಂಗ್ ಆಯಿತು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಮ್ಮ ಯಜಮಾನರದು ಕಲಬುರಗಿಯ ರೋಜಾ ಬಡಾವಣೆಯಲ್ಲಿ, ದರ್ಗಾದ ದಾರಿಯಲ್ಲಿ, ಗಡಿಯಾರ ರಿಪೇರಿಯ ಅಂಗಡಿ. ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಅದರ ಹಿಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಅವರು. ನಾನು ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದರೆ ಶನಿವಾರ ಸಂಜೆ ವಾಪಸು. ಅಲ್ಲಿ ದವಾಖಾನೆಯ ಹಿಂದೆ ನನಗೊಂದು ಖೋಲಿ ಕೊಟ್ಟಿದ್ದರು. ಶನಿವಾರ ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ತರಬೇಕೆಂದು ಓಣಿಯವರದೆಲ್ಲ ಬೇಡಿಕೆ. ಒಬ್ಬರಿಗೆ ತಂದರೆ ಇನ್ನೊಬ್ಬರಿಗೆ ಸಿಟ್ಟು. ನಾನು ಆರೋಗ್ಯ ಇಲಾಖೆಯವಳೋ ಬಾಳೆಹಣ್ಣಿನ ಏಜೆಂಟಳೋ ಎಂದು ನನಗೇ ಅನುಮಾನ ಬರುವಷ್ಟು ಹೊತ್ತು ತಂದಿದ್ದೇನೆ.

ನನ್ನ ಪಾಲಿಗೆ ಬಂದ ಊರುಗಳಲ್ಲಿ ಒಂದು ಲಂಬಾಣಿ ತಾಂಡಾ ಇತ್ತು. ಕಮಲಾಪುರದಿಂದ ಕಾಲುದಾರಿಯಲ್ಲಿ ಒಂದು ತಾಸಿನ ನಡಿಗೆ. ಗುಡ್ಡದ ಇಳಿಜಾರಿನಲ್ಲಿ ನಲವತ್ತು ಮನೆಗಳು. ಮೊದಲ ಸಲ ಬಗಲಲ್ಲಿ ರಿಜಿಸ್ಟರು ಹಿಡಿದು ಹೋದಾಗ ತಾಂಡಾದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಒಲೆಗಳು ಉರಿಯುತ್ತಿದ್ದವು, ಒಂದರ ಮೇಲೆ ರೊಟ್ಟಿ ಕರಕಾಗುತ್ತಿತ್ತು, ಮನುಷ್ಯರಿಲ್ಲ. ಕೊನೆಗೆ ಒಂದು ಹಟ್ಟಿಯ ಮುಂದೆ ಕಸೂತಿ ಹಾಕುತ್ತ ಕೂತ ಮುದುಕಿಯೊಬ್ಬಳು ಕಂಡಳು. ಮೊಣಕೈಯ ಮೇಲಿನ ತನಕ ಬಿಳಿ ಬಳೆ, ಎದೆಯ ತುಂಬ ಕನ್ನಡಿ ಚೂರು, ಬಾಯಲ್ಲಿ ತಂಬಾಕು.

“ಎಲ್ಲಾರೂ ಎಲ್ಲಿ ಹೋಗ್ಯಾರ?” ಎಂದೆ.

“ನೀ ಆ ಬುಕ್ಕ ಮುಚ್ಚು, ಬರ್ತಾರ,” ಎಂದಳು.

ಆಕೆಯೇ ಸಕ್ರಿಬಾಯಿ, ತಾಂಡಾದ ಸೂಲಗಿತ್ತಿ. ರಿಜಿಸ್ಟರಿನ ಅಂಜಿಕೆ ಏನೆಂದು ಮುಂದೆ ಆಕೆಯೇ ಹೇಳಿದಳು. ಅವರ ಹಿರಿಯರು ನೂರಾರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ತಿರುಗಿದವರು. ರೈಲು ಬಂತು, ಹಾದಿ ಹೋಯಿತು. ಆಮೇಲೆ ಸರಕಾರ ಅವರ ಹೆಸರುಗಳನ್ನು ಕಳ್ಳರ ಪಟ್ಟಿಯಲ್ಲಿ ಬರೆಯಿತು. “ನಮ್ಮಜ್ಜ ದಿನಾ ಸಂಜಿಗಿ ಚಾವಡಿಗಿ ಹೋಗಿ ಹಾಜರಿ ಕೊಡ್ಬೇಕಿತ್ತು. ಕದ್ದಿಲ್ಲ, ಮಾಡಿಲ್ಲ. ಹುಟ್ಟಿದ್ದೇ ತಪ್ಪು. ಅವಾಗಿಂದ ಯಾರರೆ ಬುಕ್ಕ ಹಿಡಕೊಂಡು ಬಂದ್ರ ನಾವು ಅಡವಿಗಿ ಹೋಗ್ತೀವಿ,” ಎಂದಳು. ಅದಾದ ಮೇಲೆ ನಾನು ರಿಜಿಸ್ಟರನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋಗುತ್ತಿದ್ದೆ. ಮಾತಾಡಿಸಿ ಬಂದು, ದಾರಿಯಲ್ಲಿ ಬಂಡೆಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ.

ಸಕ್ರಿಬಾಯಿಗೂ ನನಗೂ ಮೊದಮೊದಲು ಸರಿಬರುತ್ತಿರಲಿಲ್ಲ. ಹೊಕ್ಕುಳ ಬಳ್ಳಿ ಕೊಯ್ಯಲಿಕ್ಕೆಂದು ಹೊಸ ಬ್ಲೇಡಿನ ಪಾಕೀಟು ಕೊಟ್ಟು ಬಂದಿದ್ದೆ. ಮುಂದಿನ ವಾರ ಹೋದರೆ ಅದರಲ್ಲಿ ಕಸೂತಿಯ ದಾರ ಕತ್ತರಿಸುತ್ತ ಕೂತಿದ್ದಾಳೆ! ನಾನು ಅರ್ಧ ತಾಸು ಭಾಷಣ ಮಾಡಿದೆ. ಆಕೆ ಪೂರಾ ಕೇಳಿ, ಎದ್ದು ಒಳಗೆ ಹೋಗಿ, ಗಂಟು ಬಿಚ್ಚಿ, ಕುದಿಸಿ ಒಣಗಿಸಿದ ಬಿಳಿ ಅರಿವೆಯಲ್ಲಿ ಸುತ್ತಿಟ್ಟ ಬೇರೆ ಬ್ಲೇಡುಗಳನ್ನು ತಂದು ತೋರಿಸಿದಳು. “ಕೂಸಿನವು ಇವು. ನೀ ಎಷ್ಟ ಮಾತಾಡ್ತಿ, ಬಾಯಿ!” ನನ್ನ ನೌಕರಿಯ ಅತಿ ಉದ್ದದ ಭಾಷಣ ಹಾಗೆ ದಂಡವಾಯಿತು.

ನನ್ನಲ್ಲಿ ಒಂದು ಜಂಬವಿತ್ತು. ನಮ್ಮ ಮನೆಮಾತು ದಖನಿ ಉರ್ದು. ಕನ್ನಡ ಶಹಾಬಜಾರದ ತವರಿನ ಓಣಿಯಲ್ಲಿ ಕುಂಟೆಬಿಲ್ಲೆ ಆಡುತ್ತ ಕಲಿತದ್ದು. ಲಂಬಾಣಿಗರ ಮಾತಿನಲ್ಲಿ ಅರ್ಧಕ್ಕರ್ಧ ಶಬ್ದ ನಮ್ಮ ಮಾತಿನ ಅಕ್ಕತಂಗಿಯರಂತೆ ಕೇಳಿಸುತ್ತವೆ. ಎರಡು ತಿಂಗಳಲ್ಲಿ ನನಗೆ ಅವರ ಮಾತು ಬಂದೇಬಿಟ್ಟಿತೆಂದು ತಿಳಿದೆ. ದವಾಖಾನೆಯಲ್ಲಿ ಡಾಕ್ಟರ್ ಸಾಹೇಬರಿಗೆ ದುಭಾಷಿಯೂ ಆದೆ. ಈ ಜಂಬ ಮುಂದೆ ನನಗೆ ಏನು ಮಾಡಿತೆಂದು ಹೇಳುತ್ತೇನೆ.

ಸಕ್ರಿಬಾಯಿಯ ಸೊಸೆ ಜಮಲಿಬಾಯಿ. ಇಪ್ಪತ್ತೆರಡರ ಹುಡುಗಿ, ಆಗಲೇ ಎರಡು ಹೆಣ್ಣುಮಕ್ಕಳ ತಾಯಿ, ಮೂರನೆಯದಕ್ಕೆ ಬಸುರಿ. ಗಂಡ ಮುಂಬೈ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮಾತು ಕಡಿಮೆ, ಕೆಮ್ಮು ಹೆಚ್ಚು. ಆ ಕೆಮ್ಮು ನನಗೆ ಸರಿಕಾಣಲಿಲ್ಲ. ಕಫ ಪರೀಕ್ಷೆಗೆ ಬಾ ಎಂದು ಮೂರು ಸಲ ಕರೆದೆ. ಬರುವ ಮೊದಲೇ, ಮುಂಗಾರು ಹಿಡಿದುಕೊಂಡ ವಾರ, ದಿನ ತುಂಬದೆ ಹೆರಿಗೆಯಾಯಿತು. ಮತ್ತೆ ಹೆಣ್ಣು. ನಾನು ತಾಂಡಾ ಮುಟ್ಟುವಷ್ಟರಲ್ಲಿ ಸಕ್ರಿಬಾಯಿ ಕೂಸನ್ನು ಹತ್ತಿಯಲ್ಲಿ ಸುತ್ತಿ ತನ್ನ ಎದೆಯ ಕನ್ನಡಿಗಳ ಒಳಗೆ ಇಟ್ಟುಕೊಂಡು ಕೂತಿದ್ದಳು. ಬಟ್ಟೆಯ ಜೋಳಿಗೆಯಲ್ಲಿ ಹಾಕಿ ತೂಗಿದರೆ ಮುಳ್ಳು ಒಂದೂವರೆ ಕಿಲೋದ ಹತ್ತಿರ ಅಲ್ಲಾಡುತ್ತಿತ್ತು. “ಹೀರಿ ಅಂತ ಇಟ್ಟೀನಿ ಹೆಸರು,” ಎಂದಳು ಸಕ್ರಿಬಾಯಿ. ವಜ್ರ ಎಂದು ಅರ್ಥ. ಅಷ್ಟು ಸಣ್ಣದಕ್ಕೆ ಸರಿಯಾದ ಹೆಸರೇ.

ಜಮಲಿಬಾಯಿಯ ಕಫದಲ್ಲಿ ಟೀಬಿ ಸಿಕ್ಕಿತು. ಡಾಕ್ಟರ್ ಸಾಹೇಬರು ಒಳ್ಳೆಯವರು, ಆಗಿನ ತಿಳಿವಳಿಕೆಯಂತೆ ಹೇಳಿದರು: ತಾಯಿಯ ರೋಗ ಹತೋಟಿಗೆ ಬರುವ ತನಕ ಕೂಸನ್ನು ದೂರ ಇಡಬೇಕು, ಎದೆಹಾಲು ಬೇಡ. ಒಂದೂವರೆ ಕಿಲೋದ ಕೂಸನ್ನು ತಾಂಡಾದಲ್ಲಿ ಆಡಿನ ಹಾಲಿನ ಮೇಲೆ ಬದುಕಿಸುವುದು ಹೇಗೆ? ಸಕ್ರಿಬಾಯಿ ಎರಡು ದಿನ ನೋಡಿದಳು. ಮೂರನೆಯ ದಿನ ಬೆಳಿಗ್ಗೆ ಮಳೆಯಲ್ಲಿ ನೆನೆಯುತ್ತ ನನ್ನ ಖೋಲಿಯ ಮುಂದೆ ಬಂದು ನಿಂತಳು. ಲಂಗ, ಚೀಲ ಎಲ್ಲ ತೊಯ್ದಿದ್ದವು. ಕೂಸು ಮಾತ್ರ ತೊಯ್ದಿರಲಿಲ್ಲ. ನನ್ನ ಕೈಗೆ ಕೊಟ್ಟು ತನ್ನ ಮಾತಿನಲ್ಲಿ, “ರಾಖ್, ಬಾಯಿ. ರಾಖ್,” ಎಂದಳು.

ನಮ್ಮ ಮನೆಯಲ್ಲಿ ರಾಖ್ ಎಂದರೆ ಇಟ್ಟುಕೋ ಎಂದೇ ಕೇಳಿಸುತ್ತದೆ.

ಆ ಶಬ್ದವನ್ನು ನಾನು ಹೇಗೆ ಕೇಳಿಸಿಕೊಂಡೆನೋ, ಹೇಗೆ ಕೇಳಿಸಿಕೊಳ್ಳಬೇಕೆಂದಿದ್ದೆನೋ, ಇವತ್ತಿಗೂ ಬೇರ್ಪಡಿಸಿ ಹೇಳಲಾರೆ. ಒಂಬತ್ತು ವರ್ಷ ಕಾಯ್ದವಳ ಕೈಯಲ್ಲಿ ಒಂದು ಕೂಸು ಇಟ್ಟು ಇಟ್ಟುಕೋ ಎಂದರೆ ಅವಳು ಶಬ್ದಕೋಶ ತೆಗೆಯುತ್ತಾಳೆಯೇ, ನೀವೇ ಹೇಳಿ.

ಮೊದಲ ತಿಂಗಳು ಚಮಚದ ತುದಿಯಿಂದ ಹನಿಹನಿ ಹಾಲು. ಎರಡು ತಾಸಿಗೊಮ್ಮೆ. ದವಾಖಾನೆಯ ಡ್ಯೂಟಿ, ಕೂಸಿನ ಡ್ಯೂಟಿ. ಗುರುವಾರಕ್ಕೊಮ್ಮೆ ತೂಕ. ಎರಡು ಕಿಲೋ ಆದ ಗುರುವಾರ ದವಾಖಾನೆಗೆಲ್ಲ ಪೇಢೆ ಹಂಚಿದೆ. ಶನಿವಾರಗಳು ತಿರುಗುಮುರುಗಾದವು: ನಾನು ಹೋಗುವುದು ಬಿಟ್ಟು ನಮ್ಮ ಯಜಮಾನರೇ ಕಮಲಾಪುರಕ್ಕೆ ಬರತೊಡಗಿದರು. ಮೊದಲು ಶನಿವಾರ ಮಾತ್ರ. ಆಮೇಲೆ ಮಂಗಳವಾರವೂ ಅಂಗಡಿಗೆ ಬೀಗ ಬೀಳತೊಡಗಿತು. ಸೆಕೆಂಡಿನ ಮುಳ್ಳು ಕೂಡಿಸುವ ಅವರ ಬೆರಳನ್ನು ಕೂಸು ಹಿಡಿದುಕೊಂಡರೆ ಅವರು ಬಿಡಿಸಿಕೊಳ್ಳುತ್ತಿರಲಿಲ್ಲ. ಹಾಗೇ ಕೂತಲ್ಲೇ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ನಾವು ಅದನ್ನು ಮುನ್ನಿ ಎಂದು ಕರೆದೆವು. ಹೀರಿ ಎಂಬ ಹೆಸರು ರಿಜಿಸ್ಟರಿನಲ್ಲಿ ಉಳಿಯಿತು.

ಜಮಲಿಬಾಯಿಗೆ ಎರಡು ತಿಂಗಳು ದಿನಾ ಇಂಜೆಕ್ಷನ್. ಜ್ವರದ ಮೈಯಲ್ಲಿ ಒಂದು ತಾಸು ನಡೆದು ಬರುತ್ತಿದ್ದಳು, ಸೂಜಿ ಚುಚ್ಚಿಸಿಕೊಂಡು ಒಂದು ತಾಸು ನಡೆದು ಹೋಗುತ್ತಿದ್ದಳು. ನಡುವೆ ನನ್ನ ಖೋಲಿಯ ಎದುರಿನ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದಳು. ಡಾಕ್ಟರು ಹೇಳಿದ ದೂರಕ್ಕಿಂತ ನಾಲ್ಕು ಹೆಜ್ಜೆ ಆಚೆಗೇ. ಬಾಯಿಗೆ ಸೆರಗು ಒತ್ತಿ ಹಿಡಿದು ನೋಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಮೊದಮೊದಲು ನಾನೇ ಕೂಸನ್ನು ಬಾಗಿಲಿಗೆ ತಂದು ಎತ್ತಿ ತೋರಿಸುತ್ತಿದ್ದೆ. “ನೋಡ, ಗಲ್ಲ ಬಂದಾವ!” ಎನ್ನುತ್ತಿದ್ದೆ. ಆಕೆ ಕಣ್ಣಲ್ಲೇ ನಗುತ್ತಿದ್ದಳು.

ಆಮೇಲೆ ಗುರುವಾರಕ್ಕೊಮ್ಮೆ ಗುಳಿಗೆ ಒಯ್ಯಲು ಬಂದರೆ ಸಾಕೆಂದಾಯಿತು. ಆಕೆಯ ಮೈ ತುಂಬಿಕೊಳ್ಳತೊಡಗಿತು. ಔಷಧಿ ಹಿಡಿಯಿತೆಂದು ನರ್ಸಾಗಿ ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಗುರುವಾರ ಬಂತೆಂದರೆ ಬೆಳಿಗ್ಗೆಯಿಂದಲೇ ಬಾಗಿಲು ಮುಂದೆ ಮಾಡಿಡುತ್ತಿದ್ದೆ. ಕೂಸು ಈಗಷ್ಟೇ ಮಲಗ್ಯದ ಎನ್ನತೊಡಗಿದೆ. ಗಾಳಿ ಥಂಡಿ ಅದ ಎನ್ನತೊಡಗಿದೆ. ಬೇವಿನ ಗಿಡದ ಕಡೆಯ ಕಿಟಕಿಗೆ ಪರದೆ ಹೊಲಿದೆ. ಆಕೆ ಪರದೆಯನ್ನೇ ನೋಡಿಕೊಂಡು ಕೂತು ಎದ್ದು ಹೋಗುತ್ತಿದ್ದಳು.

ಚಳಿಗಾಲದಲ್ಲಿ ಡಾಕ್ಟರ್ ಸಾಹೇಬರು ಕಫದ ರಿಪೋರ್ಟು ನೋಡಿ, “ಭೇಷ್! ಇನ್ನೆರಡು ಮೂರು ತಿಂಗಳು ನೋಡಿ ಕೂಸನ್ನ ತಾಯಿಗಿ ಕೊಟ್ಟುಬಿಡೋಣ,” ಎಂದರು. ಮುನ್ನಿಗೆ ಆಗ ಆರು ತಿಂಗಳು. ನನ್ನ ದನಿ ಕೇಳಿದರೆ ಕೈಕಾಲು ಬಡಿಯುತ್ತಿದ್ದಳು. ಅವತ್ತೇ ನಾನು ರಜೆಗೆ ಅರ್ಜಿ ಬರೆದೆ. ಮೈಯಲ್ಲಿ ಹುಷಾರಿಲ್ಲವೆಂದು ಬರೆದೆ. ಸುಳ್ಳು ಹೇಳಿ ಗುಳಿಗೆ ತಪ್ಪಿಸುವವರಿಗೆಲ್ಲ ಬೈದ ಕೈ ಅದನ್ನು ಅಕ್ಷರ ದುಂಡಗೆ ಮಾಡಿ ಬರೆಯಿತು. ಖೋಲಿಗೆ ಬೀಗ ಹಾಕಿ, ಕೂಸನ್ನು ಶಾಲಿನೊಳಗೆ ಇಟ್ಟುಕೊಂಡು, ಯಾರಿಗೂ ಹೇಳದೆ ರೋಜಾಕ್ಕೆ ಬಂದುಬಿಟ್ಟೆ.

ಹನ್ನೊಂದು ದಿನ. ನನ್ನ ಜೀವನದಲ್ಲಿ ನಾನು ತಾಯಿಯಾಗಿದ್ದ ದಿನಗಳನ್ನು ಕೇಳಿದರೆ ಅಷ್ಟೇ. ಓಣಿಯ ಹೆಂಗಸರು ಬಂದು ಕೂಸಿಗೆ ದೃಷ್ಟಿಯಾಗದಿರಲೆಂದು ನೆಟಿಗೆ ಮುರಿದರು. ಯಾರೋ ಮಾಸಲು ಕೆಂಪು ಕುಲಾಯಿ ಹೊಲಿದು ತಂದರು. ಒಬ್ಬ ಮುದುಕಿ, “ಮೂಗು ನಿಂದೇ ಅದ,” ಎಂದಳು. ನಾನು ಇಲ್ಲವೆನ್ನಲಿಲ್ಲ. ದಿನಾ ಎರೆದು, ಬಾಗಿಲು ಹಾಕಿಕೊಂಡು, ಲೋಬಾನದ ಹೊಗೆ ಕೊಟ್ಟೆ. ಮುನ್ನಿಗೆ ಸೀನು ಬರುತ್ತಿತ್ತು. ನಮ್ಮ ಯಜಮಾನರು ಮಾತ್ರ ಮೊದಲ ದಿನವೇ ಕೇಳಿದ್ದರು: “ಅವರಿಗಿ ಹೇಳಿ ಬಂದೀ?” ನಾನು, “ಅವರೇ ಕೊಟ್ಟಾರ,” ಎಂದೆ. ಅವರು “ನಕ್ಕೋ”, ಬೇಡ, ಎಂದು ತಲೆಯಾಡಿಸಿ ಅಂಗಡಿಗೆ ಹೋದರು. ಅವರದು ಅಷ್ಟೇ ಮಾತು. ಆದರೆ ಕೂಸು ಬೆರಳು ಹಿಡಿದಾಗ ಅವರೂ ಬಿಡಿಸಿಕೊಳ್ಳಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ಅವರು ಊಟದ ಹೊತ್ತಿಗಿಂತ ಮೊದಲೇ ಬಂದರು. ಭೂತಗನ್ನಡಿಯನ್ನು ಹಣೆಯ ಮೇಲಿಂದ ತೆಗೆಯುವುದನ್ನೂ ಮರೆತಿದ್ದರು. “ಮುನ್ನಿ ತಾಯಿ ಬಂದಾರ,” ಎಂದರು.

ಒಂದು ಕ್ಷಣ ನನಗೆ ತಿಳಿಯಲೇ ಇಲ್ಲ. ಮುನ್ನಿಯ ತಾಯಿ ಇಲ್ಲೇ ನಿಂತಿದ್ದೇನಲ್ಲ ಎನಿಸಿತು.

ಜಮಲಿಬಾಯಿ ಹೊಸ್ತಿಲ ಆಚೆ, ಮೆಟ್ಟಿಲ ಮೇಲೂ ಅಲ್ಲ, ಓಣಿಯ ಆ ಬದಿಯ ಗೋಡೆಗೆ ಒರಗಿ ನಿಂತಿದ್ದಳು. ಬಾಯಿಗೆ ಸೆರಗು. ಆಕೆ ಅದುವರೆಗೆ ಕಲಬುರಗಿ ನೋಡಿರಲೇ ಇಲ್ಲ. ಯಾವಾಗಲೋ ನಾನು ಬಾಯಿತಪ್ಪಿ ಹೇಳಿದ್ದೆ, ನಮ್ಮವರದು ದರ್ಗಾದ ಹತ್ತಿರ ಗಡಿಯಾರದ ಅಂಗಡಿ ಎಂದು. ದಾರಿಯಲ್ಲಿದ್ದ ಗಡಿಯಾರದ ಅಂಗಡಿಗಳಲ್ಲೆಲ್ಲ, “ಕಮಲಾಪುರದ ಸಿಸ್ಟರಬಾಯಿ ಮನಿ ಇದೇನ್ರಿ?” ಎಂದು ಕೇಳುತ್ತ ಬಂದಿದ್ದಳು.

ನನ್ನ ಬಾಯಿಂದ ಬಂದ ಮೊದಲ ಮಾತು, “ಯಾರು ಹೇಳಿದ್ರು ನಿನಗ ಇಲ್ಲಿಗಿ ಬಾ ಅಂತ?” ನಾಚಿಕೆಯಾಗುತ್ತದೆ, ಆದರೆ ಅದೇ ಬಂತು.

“ಯಾರೂ ಹೇಳಿಲ್ರಿ. ಗುರುವಾರ ಬಂದೆ, ಖೋಲಿಗಿ ಕೀಲಿ ಇತ್ತು. ಶುಕ್ರವಾರ ಬಂದೆ, ಕೀಲಿ. ತಾಂಡಾದಾಗ ಎಲ್ಲಾರೂ ಅಂದ್ರು, ಹೋಯ್ತು ನಿನ್ನ ಕೂಸು, ಗಾಡ್ಯಾಗ ಒಯ್ತಾರಲ್ಲ ಹಂಗ ಒಯ್ದಾಳ ಅಂತ.”

ಆ ದಿನಗಳಲ್ಲಿ ತಾಂಡಾಗಳಲ್ಲಿ ಅಂಥದೊಂದು ಅಂಜಿಕೆ ಹಬ್ಬಿತ್ತು. ಯಾರೋ ಬರುತ್ತಾರೆ, ಚಲೋ ಸಾಕುತ್ತೇವೆ ಎನ್ನುತ್ತಾರೆ, ಹೆಣ್ಣು ಕೂಸು ಒಯ್ಯುತ್ತಾರೆ. ಆಮೇಲೆ ಆ ಕೂಸು ಎಲ್ಲಿ ಬೆಳೆಯಿತೆಂದು ತಾಯಿಗೆ ತಿಳಿಯುವುದಿಲ್ಲ. ಅಂಥವರು ಬಂದರೆ ನನಗೆ ಹೇಳಿರೆಂದು ಮನೆಮನೆಗೂ ಹೇಳಿಬಂದಿದ್ದವಳು ನಾನೇ.

“ನಾ ಅಂದೆ, ಸಿಸ್ಟರಬಾಯಿ ಹಂಗಲ್ಲ,” ಜಮಲಿಬಾಯಿ ಹೇಳುತ್ತಲೇ ಇದ್ದಳು. “ಕೂಸಿಗಿ ಭಾಳ ಜಡ್ಡಾಗಿರಬೇಕು, ಅವಸರಲಿಂದ ದೊಡ್ಡ ದವಾಖಾನಿಗಿ ಒಯ್ದಿರಬೇಕು ಅಂದೆ. ಎರಡ ದಿನ ದೊಡ್ಡ ದವಾಖಾನ್ಯಾಗ ಎಲ್ಲಾ ಖೋಲಿ ಹುಡುಕಿನಿ. ಕೂಸುಗೋಳ ಮಲಗಸ್ತಾರಲ್ಲ, ಅಲ್ಲಿ. ಒಂದೊಂದೂ ಮಾರಿ ನೋಡಿನಿ. ಕೂಸು ಚಲೋ ಅದಲ್ರಿ?”

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. “ಒಳಗ ಬಾ,” ಎಂದೆ.

“ಬ್ಯಾಡ್ರಿ. ಕೂಸು ಒಳಗ ಅದ. ನಂದಿನ್ನಾ ಗುಳಿಗಿ ಮುಗದಿಲ್ಲ.”

ನಮ್ಮ ಯಜಮಾನರು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ತಂದರು. ಮುನ್ನಿ ಓಣಿಯ ಆಚೆ ನಿಂತ ಹೆಂಗಸನ್ನು ನೋಡಿ ಮುಖ ಸಣ್ಣ ಮಾಡಿ, ಅಳುತ್ತ ನನ್ನ ಕಡೆ ಕೈಚಾಚಿದಳು. ನನ್ನ ಕುತ್ತಿಗೆಗೆ ಬಿದ್ದು ಮುಖ ಮುಚ್ಚಿಕೊಂಡಳು. ನಾನು ಅದೆಷ್ಟು ದಿನದಿಂದ ಬಯಸಿದ್ದು ಅದೇ. ಸಿಕ್ಕಾಗ ಕತ್ತೆತ್ತಿ ನೋಡುವ ಧೈರ್ಯವಾಗಲಿಲ್ಲ. ಜಮಲಿಬಾಯಿ ಅಳಲಿಲ್ಲ. ಸೆರಗನ್ನು ಬಾಯಿಯಿಂದ ಕಣ್ಣಿನ ತನಕ ಎಳೆದುಕೊಂಡಳು.

ನಾನು ಆಗಲೂ ಸುಮ್ಮನಿರಲಿಲ್ಲ. “ನಿಮ್ಮತ್ತಿನೇ ಕೊಟ್ಟಳಲ್ಲ. ರಾಖ್ ಅಂದಳು. ನನ್ನ ಕಿವಿಯಾರೆ ಕೇಳೀನಿ,” ಎಂದೆ.

“ಹೌದ್ರಿ, ಅಂದಳು,” ಎಂದಳು ಜಮಲಿಬಾಯಿ. “ಹೊಲಾ ಕಾಯವಗೂ ನಾವು ಹಂಗೇ ಅಂತೀವಿ, ರಾಖ್ ಅಂತ. ಹೊಲಾ ಅವಂದಾಗಂಗಿಲ್ಲಲ್ರಿ.”

ಓಣಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ನಮ್ಮಿಬ್ಬರ ನಡುವೆ ಹಾದುಹೋದರು. ನಮ್ಮ ಯಜಮಾನರು ಒಳಗೆ ಹೋಗಿ ಕೂಸಿನ ಬಟ್ಟೆಗಳನ್ನು ಮಡಿಚತೊಡಗಿದ ಸದ್ದು ಕೇಳಿಸಿತು.

ಜಮಲಿಬಾಯಿ ಅದನ್ನು ಕಂಡು, “ಈಗ ಒಯ್ಯಂಗಿಲ್ರಿ ನಾ,” ಎಂದಳು. “ಡಾಕ್ಟರ್ ಸಾಹೇಬ್ರು ಬ್ಯಾಡ ಅಂದಾರ. ಗುಳಿಗಿ ಹಿಡೀಲಿ. ಅಲ್ಲೀತನಾ ನಿಮ್ಮ ಹತ್ರನೇ ಇರ್ಲಿ. ಆದ್ರ ಕಮಲಾಪುರಕ್ಕ ಬರ್ರಿ. ನಾ ಗಿಡದ ಕೆಳಗ ಕೂಡ್ತೀನಿ. ಆಕಿಗಿ ನಾ ಕಾಣ್ಬೇಕು. ಅಷ್ಟೇ.”

ಮೂರು ಗಂಟೆಯ ಬಸ್ಸಿಗೆ ಹೊರಟೆವು. ನಾನು ಕೂಸಿನೊಂದಿಗೆ ಡ್ರೈವರನ ಹಿಂದಿನ ಸೀಟಿನಲ್ಲಿ. ಜಮಲಿಬಾಯಿ ಕಟ್ಟಕಡೆಯ ಸೀಟಿನಲ್ಲಿ, ಕಿಟಕಿ ತೆರೆದುಕೊಂಡು, ಚಳಿಗಾಳಿಗೆ ಮುಖವೊಡ್ಡಿ. ದಾರಿಯುದ್ದಕ್ಕೂ ನಾನು ಹಿಂತಿರುಗಿ ನೋಡಲಿಲ್ಲ. ಆದರೆ ಮುನ್ನಿ ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಹಿಂದೆ ಏನೋ ಮಿಂಚುತ್ತಿತ್ತೋ ಏನೋ, ಒಂದು ಸಲ ಕಿಲಕಿಲ ನಕ್ಕಳು.

ಪರದೆ ಬಿಚ್ಚಿದೆ. ಗುರುವಾರವೊಂದೇ ಅಲ್ಲ, ಜಮಲಿಬಾಯಿ ಈಗ ದಿನ ಬಿಟ್ಟು ದಿನ ಬರತೊಡಗಿದಳು. ಗಿಡದ ಕೆಳಗೆ ಕೂತು ಕೈ ಅಲ್ಲಾಡಿಸಿ ಬಳೆ ಸದ್ದು ಮಾಡುತ್ತಿದ್ದಳು, ತನ್ನ ಮಾತಿನಲ್ಲಿ ಏನೇನೋ ಕರೆಯುತ್ತಿದ್ದಳು. ಮುನ್ನಿ ಮೊದಲು ದಿಟ್ಟಿಸಿದಳು, ಆಮೇಲೆ ನಕ್ಕಳು, ಆಮೇಲೆ ಬಳೆ ಸದ್ದಾದರೆ ಸಾಕು ಬಾಗಿಲ ಕಡೆ ಅಂಬೆಗಾಲಿಡತೊಡಗಿದಳು. ಹೊಸ್ತಿಲಲ್ಲಿ ನಾನು ಹಿಡಿದುಕೊಳ್ಳುತ್ತಿದ್ದೆ. ದಿನದಿಂದ ದಿನಕ್ಕೆ ಹೆಚ್ಚು ಬಲ ಹಾಕಿ ಹಿಡಿಯಬೇಕಾಗುತ್ತಿತ್ತು.

ಹೋಳಿಗೆ ಎಂಟು ದಿನವಿರುವಾಗ ಡಾಕ್ಟರ್ ಸಾಹೇಬರು ಸರಿ ಎಂದರು. ಒಯ್ಯಲು ಜಮಲಿಬಾಯಿಯೂ ಸಕ್ರಿಬಾಯಿಯೂ ಬಂದಿದ್ದರು. ಕೊನೆಯ ಸಲ ತೂಗಿದೆ: ಏಳು ಕಿಲೋ. ಅಷ್ಟನ್ನೂ ಎತ್ತಿ ಕೊಟ್ಟೆ. ಒಂಬತ್ತು ತಿಂಗಳಾದ ಮೇಲೆ ತಾಯಿ ಮಗಳನ್ನು ಮುಟ್ಟಿದಳು. ಮುನ್ನಿ ಆಕೆಯ ಎದೆಯ ಕನ್ನಡಿಗಳನ್ನು ಒಂದೊಂದಾಗಿ ಕೀಳಲು ನೋಡುತ್ತ ನನ್ನನ್ನು ಮರೆತೇಬಿಟ್ಟಳು. “ಹೀರಿ ಅಂದ್ರ ಹೊಳ್ಳಿ ನೋಡಂಗಿಲ್ಲ, ಮುನ್ನಿ ಅಂದ್ರ ನೋಡ್ತಾಳ,” ಎಂದೆ. “ಎರಡೂ ಇರ್ಲಿರಿ,” ಎಂದಳು ಜಮಲಿಬಾಯಿ.

ಅವರು ಕಾಲುದಾರಿ ಹಿಡಿದು ಹೋದ ಮೇಲೆ ಏನು ಮಾಡಿದೆ ಗೊತ್ತೇ? ಎರಡು ತಾಸಾಗುತ್ತಲೇ ಎದ್ದು ಹಾಲು ಕಾಯಿಸಿದೆ. ಅದು ಆರಿ ಕೆನೆಗಟ್ಟುವ ತನಕ ಮುಂದೆ ಕೂತಿದ್ದೆ. ತೋಳುಗಳಿಗೆ ಒಂದು ಭಾರದ ರೂಢಿಯಾದರೆ ಭಾರವಿಲ್ಲದಾಗ ಅವು ನೋಯುತ್ತವೆ. ನರ್ಸಿಂಗ್ ಪುಸ್ತಕದಲ್ಲಿ ಇದಿರಲಿಲ್ಲ. ಬಹಳ ವರ್ಷ ನಾನು ಕೂಸುಗಳನ್ನು ತೂಗುವಷ್ಟು ಹೊತ್ತು ಮಾತ್ರ ಎತ್ತಿಕೊಂಡೆ.

ಮುಂದೆ ವರ್ಗವಾಯಿತು; ಸೇಡಂ, ಆಳಂದ, ಮತ್ತೆ ಕಲಬುರಗಿ. ಸಕ್ರಿಬಾಯಿ ತೀರಿಕೊಂಡ ಸುದ್ದಿ ತಡವಾಗಿ ಬಂತು. ಹೀರಿ ತಾಂಡಾದ ಒಂದೇ ಕೋಣೆಯ ಶಾಲೆಯಲ್ಲಿ ಕಲಿತು, ಹೈಸ್ಕೂಲಿಗೆ ಕಲಬುರಗಿಯ ಹಾಸ್ಟೆಲ್ಲಿಗೆ ಬಂದಳು. ಭಾನುವಾರ ನಮ್ಮ ಮನೆಗೆ ಬರುತ್ತಿದ್ದಳು. ನಮ್ಮ ಯಜಮಾನರಿಂದ ಗಡಿಯಾರ ಬಿಚ್ಚುವುದನ್ನು ಕಲಿತಳು, ಕೂಡಿಸುವುದನ್ನು ಕಲಿಯಲಿಲ್ಲ. ಸಂಜೆ ಹಾಸ್ಟೆಲ್ಲಿಗೆ ಮರಳುವ ಹೊತ್ತಾದರೆ ಜಡೆ ಸರಿಯಿಲ್ಲವೆಂದು ನಾನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದೆ. ಹತ್ತು ನಿಮಿಷ ಹೆಚ್ಚು ಸಿಗುತ್ತಿತ್ತು. “ನನಗ ಇಬ್ಬರು ಯಾಡಿ,” ಎಂದು ಗೆಳತಿಯರಿಗೆ ಹೇಳುತ್ತಿದ್ದಳು. ಯಾಡಿ ಎಂದರೆ ತಾಯಿ. ಕಮಲಾಪುರದ ಸಿಸ್ಟರಬಾಯಿ ತನ್ನನ್ನು ಬದುಕಿಸಿದ್ದು ಆಕೆಗೆ ಗೊತ್ತಿತ್ತು. ರೋಜಾದ ಹನ್ನೊಂದು ದಿನಗಳು ಗೊತ್ತಿರಲಿಲ್ಲ. ಜಮಲಿಬಾಯಿ ಹೇಳಿರಲಿಲ್ಲ. ನಾನಂತೂ ಹೇಳುವವಳಲ್ಲ.

ಎರಡು ಸಾವಿರದ ಇಸವಿಯ ಈಚೆ ಒಂದು ಟ್ರೇನಿಂಗಿನಲ್ಲಿ ಕೂತಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ಪಾಠ ಮಾಡುತ್ತಿದ್ದಳು. ಟೀಬಿಯ ಔಷಧಿ ತೆಗೆದುಕೊಳ್ಳುವ ತಾಯಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂಸಿಗೆ ಎದೆಹಾಲು ಕೊಡಬಹುದು, ಕೂಸಿಗೂ ಔಷಧಿ ಕೊಟ್ಟರಾಯಿತು, ಬೇರೆ ಮಾಡಬೇಡಿರಿ ಎಂದಳು. ನಾನು ಎದ್ದು ನಿಂತು, “ಇನ್ನೊಮ್ಮೆ ಹೇಳ್ರಿ,” ಎಂದೆ. ಆಕೆ ಇನ್ನೊಮ್ಮೆ ಹೇಳಿದಳು. ಊಟಕ್ಕೆ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ಹೋದೆ.

ಜಮಲಿಬಾಯಿ ಹಟ್ಟಿಯ ಮುಂದೆ ಜೋಳ ಹಸನು ಮಾಡುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಬೇವಿನ ಗಿಡದ ಕೆಳಗೆ ನೀನು ಕೂತದ್ದು ಬೇಕಿರಲಿಲ್ಲ, ಜಮಲೀ. ಅಷ್ಟೂ ತಿಂಗಳು ಕೂಸು ನಿನ್ನ ಎದೆಯ ಮೇಲೇ ಇರಬಹುದಿತ್ತು ಎಂದೆ. ಆಕೆ ಮೊರವನ್ನು ಕೆಳಗಿಟ್ಟಳು. ಜೋಳದೊಳಗಿನ ಒಂದು ಹರಳು ಆರಿಸಿ ಎಸೆದಳು.

“ಅದು ಅವಾಗ ನಿಮಗ ಗೊತ್ತಿರ್ಲಿಲ್ಲ, ಆಪಾ,” ಎಂದಳು. ಹೀರಿಯ ಬಾಯಿಂದ ಕಲಿತು ಆಕೆಯೂ ನನ್ನನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದಳು. “ಡಾಕ್ಟರಿಗೂ ಗೊತ್ತಿರ್ಲಿಲ್ಲ. ಅದಕ್ಕ ನಾ ಏನಂತೀನಿ? ರೋಜಾಕ್ಕ ಒಯ್ದಿದ್ದು ಮಾತ್ರ ನೀವು ಗೊತ್ತಿದ್ದೇ ಒಯ್ದಿದ್ರಿ.”

“ಹೌದು,” ಎಂದೆ.

“ಅದು ನಾ ಮರ್ತಿಲ್ಲ.”

“ಹೌದು.”

“ಕೂಡ್ರಿ. ಬಿಸಲಾಗ ಬಂದೀರಿ. ರೊಟ್ಟಿ ಮಾಡ್ತೀನಿ.”

ಆಕೆ ರೊಟ್ಟಿ ಬಡಿದಳು. ನಾನು ತಿಂದೆ. ಕ್ಷಮಿಸಿದೆ ಎಂಬ ಮಾತು ಆಕೆ ಆಡಲಿಲ್ಲ, ನಾನು ಕೇಳಲಿಲ್ಲ. ಆದರೆ ಅವತ್ತಿನಿಂದ ನಾವು ಒಬ್ಬರನ್ನೊಬ್ಬರು ನೋಡುವಾಗ ಕಣ್ಣು ಪಕ್ಕಕ್ಕೆ ಸರಿಸುವುದು ನಿಂತಿತು.

ಈಗ ನಮ್ಮ ಯಜಮಾನರಿಲ್ಲ. ಹೀರಿ ಯಾದಗಿರಿ ಕಡೆಯ ಒಂದು ತಾಂಡಾದಲ್ಲಿ ಟೀಚರು. ಒಂದನೆಯ ಇಯತ್ತೆಯ ಮಕ್ಕಳನ್ನು ಮೊದಲು ಅವರ ಮಾತಿನಲ್ಲೇ ಮಾತಾಡಿಸಿ ಆಮೇಲೆ ಕನ್ನಡಕ್ಕೆ ಕರೆತರುತ್ತಾಳಂತೆ. ಆಕೆಗೂ ಇಬ್ಬರು ಮಕ್ಕಳು. ವಾರಗಟ್ಟಲೆ ಫೋನಿಲ್ಲ. ಫೋನು ಬರದಿದ್ದರೆ ನಾನು ಜಮಲಿಬಾಯಿಗೆ ಮಾಡುತ್ತೇನೆ, ಆಕೆಗೂ ಬಂದಿರುವುದಿಲ್ಲ. ಅಷ್ಟಾದರೆ ನನಗೆ ಸಮಾಧಾನ. ಎಷ್ಟು ಸಣ್ಣ ಬುದ್ಧಿ ನೋಡಿ.

ಈ ವಾರ ಕೂತು ಇದನ್ನೆಲ್ಲ ಬರೆದೆ. ನಿನ್ನೆ ಬರೆದು ಮುಗಿಸಿ ಜಮಲಿಬಾಯಿಗೆ ಫೋನು ಮಾಡಿದೆ. “ಎಲ್ಲಾ ಬರದೀನಿ, ರೋಜಾದ್ದೂ ಬರದೀನಿ. ಹೀರಿಗಿ ಕಳಸ್ತೀನಿ. ಆಕಿ ಸಿಟ್ಟಾಗ್ಬಹುದು, ನನ್ನ ಕೂಡ ಮಾತು ಬಿಡ್ಬಹುದು. ಆದ್ರ ಆಕಿಗಿ ಗೊತ್ತಾಗ್ಬೇಕು,” ಎಂದೆ.

ಆ ಕಡೆ ಆಡೊಂದು ಕೂಗುವುದು ಕೇಳಿಸಿತು.

“ಕಳಸ್ರಿ, ಆಪಾ,” ಎಂದಳು ಜಮಲಿಬಾಯಿ. “ಇಷ್ಟ ವರ್ಷ ನಾನೂ ಹೇಳಿಲ್ಲಲ್ಲ. ಬೈದ್ರ ಇಬ್ಬರಿಗೂ ಬೈತಾಳ. ಕೂಡೇ ಬೈಸ್ಕೊಳ್ಳೂಣು.”